ಎದ್ದು ಹೋಗಲು ದಾರಿಯಿದ್ದರೆ ಅವ್ವ ನೀರು ಕುಡಿಯುತ್ತಾಳೆ

ಮಂಡ್ಯದ ಪೇಟೆ ಬೀದಿಯಲ್ಲಿ ನನ್ನದೊಂದು ಟಿಕೆಟ್ ಬುಕಿಂಗ್ ಕಚೇರಿ ಇದೆ. ವಿಮಾನದ ಟಿಕೆಟಿಗೆ ಬರುವವರಲ್ಲಿ ಹೆಚ್ಚಿನವರು ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೊರಟ ತಂದೆತಾಯಂದಿರು. ವರ್ಷಗಟ್ಟಲೆ ನಾನು ಅವರಿಗೆಲ್ಲ ಕಿಟಕಿ ಪಕ್ಕದ ಸೀಟನ್ನೇ ಹುಡುಕಿ ಕೊಡುತ್ತಿದ್ದೆ. ನನ್ನ ಅವ್ವನಿಗೂ ಮೊದಲ ಸಲ ಅದನ್ನೇ ಕೊಟ್ಟೆ. ಮೋಡ ನೋಡಲಿ, ಖುಷಿಪಡಲಿ ಎಂಬ ಆಸೆ.

ಹದಿನಾಲ್ಕು ಗಂಟೆಯ ಆ ಹಾರಾಟದಲ್ಲಿ ಅವ್ವ ಒಂದೇ ಒಂದು ಸಲ ಎದ್ದಿದ್ದಳು. ಕುಡಿದ ನೀರು ಎರಡು ಲೋಟ. ನ್ಯೂಜೆರ್ಸಿಯಲ್ಲಿ ಇಳಿದಾಗ ಪಾದ ಊದಿಕೊಂಡು ಚಪ್ಪಲಿಯೊಳಗೆ ಹೋಗಲಿಲ್ಲವೆಂದು ತಂಗಿ ಫೋನಿನಲ್ಲಿ ಅತ್ತಳು. ಆಮೇಲೆ ಕೇಳಿದರೆ ಅವ್ವ ಹೇಳಿದ್ದು ಇಷ್ಟೇ: "ಪಕ್ಕದಲ್ಲಿ ಇಬ್ಬರು ಗಂಡಸರು ನಿದ್ದೆ ಮಾಡುತ್ತಿದ್ದರು ಕಣಪ್ಪ. ಅವರನ್ನು ಎಷ್ಟು ಸಲ ಎಬ್ಬಿಸಲಿ? ಅದಕ್ಕೆ ನೀರೇ ಕುಡಿಯಲಿಲ್ಲ."

ಆ ಮಾತು ನನ್ನನ್ನು ತುಂಬಾ ದಿನ ಕಾಡಿತು. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಕೂತೇ ಪ್ರಯಾಣ ಮಾಡಿದರೆ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡರಷ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಆರೋಗ್ಯವಂತರಲ್ಲಿ ಅದು ಸುಮಾರು 6,000 ಮಂದಿಗೆ ಒಬ್ಬರ ಮಟ್ಟದ್ದು, ಗಾಬರಿಪಡುವಂಥದ್ದಲ್ಲ. ಆದರೆ ನೀರು ಕುಡಿಯದೆ, ಕಾಲು ಆಡಿಸದೆ ಮುದುಡಿ ಕೂತ ಎಪ್ಪತ್ತು ದಾಟಿದ ಹೆಂಗಸು ನನ್ನ ಅವ್ವ.

ತಂಗಿಗೆ ಎರಡನೆಯ ಹೆರಿಗೆ ಹತ್ತಿರ ಬರುವ ಹೊತ್ತಿಗೆ ಅವ್ವನ ಬಲ ಮಂಡಿಗೆ ಶಸ್ತ್ರಚಿಕಿತ್ಸೆ ಆಗಿ ಒಂದೂವರೆ ವರ್ಷ ಕಳೆದಿತ್ತು. ಈ ಸಲ ನಾನೂ ಜೊತೆಗೆ ಹೊರಟೆ. ಆರಿಸಿಕೊಂಡ ದಾರಿ ಬೆಂಗಳೂರಿನಿಂದ ಸಿಂಗಪುರ, ಅಲ್ಲಿಂದ ನೇರವಾಗಿ ನ್ಯೂಯಾರ್ಕ್. ಆ ಎರಡನೆಯ ಹಾರಾಟ ಸುಮಾರು 15,300 ಕಿಲೋಮೀಟರ್. ಮಂಡ್ಯದಿಂದ ಮೈಸೂರಿಗೆ 170 ಸಲ ಹೋಗಿ ಬಂದಷ್ಟು ದೂರ. ಹದಿನೆಂಟು ಗಂಟೆಗೂ ಮೇಲೆ ಗಾಳಿಯಲ್ಲಿ. ಇಷ್ಟು ಉದ್ದದ್ದು ಯಾಕೆ ಎಂದು ಮನೆಯವರೆಲ್ಲ ಕೇಳಿದರು. ನಡುದಾರಿಯಲ್ಲಿ ಇಳಿದು ಹತ್ತುವ ಗದ್ದಲ ಒಂದೇ ಸಲಕ್ಕೆ ಮುಗಿಯುತ್ತದೆ, ಮಲಗಲು ಒಂದು ಇಡೀ ರಾತ್ರಿ ಸಿಗುತ್ತದೆ ಎಂಬುದು ನನ್ನ ಲೆಕ್ಕ. ಜೊತೆಗೆ ಈ ಮಾರ್ಗದಲ್ಲಿ ಸಿಂಗಪುರ ಏರ್‌ಲೈನ್ಸ್ ಹಾರಿಸುವ ಏರ್‌ಬಸ್ ಎ350-900 ಯುಎಲ್‌ಆರ್ ಎಂಬ, ಅತಿ ದೂರ ಹಾರಲೆಂದೇ ಮಾಡಿದ ವಿಮಾನದಲ್ಲಿ ಎಲ್ಲಕ್ಕಿಂತ ಅಗ್ಗದ ಎಕಾನಮಿ ದರ್ಜೆಯೇ ಇಲ್ಲ. ಬಿಸಿನೆಸ್‌ನಲ್ಲಿ 67, ಪ್ರೀಮಿಯಂ ಎಕಾನಮಿಯಲ್ಲಿ 94, ಒಟ್ಟು 161 ಸೀಟು ಮಾತ್ರ. ಅದರ ಟ್ಯಾಂಕಿಗೆ 1,65,000 ಲೀಟರ್ ತನಕ ಇಂಧನ ಹಿಡಿಯುತ್ತದೆ; ಅಷ್ಟು ದೂರಕ್ಕೆ ಬೇಕಾದ ಇಂಧನ ಹೊತ್ತು ಏರಬೇಕಾದರೆ ಜನ ಕಡಿಮೆ ಇರಬೇಕು. ಆ ಭಾರದ ಲೆಕ್ಕಾಚಾರದಿಂದ ಪ್ರಯಾಣಿಕರಿಗೆ ಜಾಗ ಉಳಿಯುತ್ತದೆ.

ಈ ವಿಮಾನ ಆರಿಸಲು ಇನ್ನೊಂದು ಕಾರಣ ಅದರ ಒಳಗಿನ ಗಾಳಿ. ಹಳೆಯ ವಿಮಾನಗಳಲ್ಲಿ ಒಳಗಿನ ಒತ್ತಡ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು ತೆಳುವಾಗುತ್ತದೆ. ಅಂದರೆ ಊಟಿಗಿಂತ ಮೇಲೆ, ದೊಡ್ಡಬೆಟ್ಟದ ದಾರಿಯಲ್ಲಿ ಇಡೀ ರಾತ್ರಿ ಕಳೆದ ಹಾಗೆ. ಎ350ರಲ್ಲಿ ಅದು 6,000 ಅಡಿ, ಹೆಚ್ಚುಕಡಿಮೆ ಕೂನೂರು. ಊಟಿಗೆ ಹೋದಾಗಲೆಲ್ಲ ತಲೆಭಾರ ಎನ್ನುವ, ರಕ್ತದೊತ್ತಡದ ಮಾತ್ರೆ ನುಂಗುವ ಅವ್ವನಿಗೆ ಈ ವ್ಯತ್ಯಾಸ ಮುಖ್ಯ ಎನಿಸಿತು. ವೈದ್ಯರನ್ನೂ ಕೇಳಿಯೇ ಟಿಕೆಟ್ ಮಾಡಿದೆ.

ಇನ್ನು ಸೀಟು. ಬಿಸಿನೆಸ್ ಎಂಬ ಹೆಸರನ್ನು ನಂಬಿ ನಾನೊಮ್ಮೆ ಪೆಟ್ಟು ತಿಂದಿದ್ದೆ. ಕೆಲಸದ ಮೇಲೆ ಹೋದಾಗ ಸಿಕ್ಕಿದ್ದು ಇಳಿಜಾರಿನ ಹಾಸಿಗೆ. ಮಲಗಿದರೆ ಇಂಚಿಂಚೇ ಕೆಳಗೆ ಜಾರಿ ಬೆಳಗಿನ ಹೊತ್ತಿಗೆ ಮಂಡಿ ಮುಂದಿನ ಗೋಡೆಗೆ ಒತ್ತಿ ನಿಂತಿತ್ತು. ಹಾಗಾಗಿ ಈ ಸಲ ನಾಲ್ಕು ವಿಷಯ ನೋಡಿದೆ: ಪೂರ್ತಿ ಚಪ್ಪಟೆಯಾಗುತ್ತದೆಯೇ, ಪ್ರತಿ ಸೀಟಿನಿಂದಲೂ ಸಾಲುಗಳ ನಡುವಿನ ನಡೆದಾರಿಗೆ ನೇರ ಇಳಿಯಬಹುದೇ, ಹಾಸಿಗೆಯ ಉದ್ದ ಎಷ್ಟು, ಕಾಲು ಎಲ್ಲಿಗೆ ಹೋಗುತ್ತದೆ.

ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ನಾನೂ ಕೇಳಿರಲಿಲ್ಲ. ಒಂದು-ಎರಡು-ಒಂದು ಎಂದು, ಅಂದರೆ ಎರಡೂ ಕಿಟಕಿಗಳ ಕಡೆ ಒಂದೊಂದು, ನಡುವೆ ಎರಡು ಸೀಟು ಬರುವ ಹಾಗೆ ಜೋಡಿಸಿದ ಕ್ಯಾಬಿನ್‌ಗಳಲ್ಲಿ ಎಲ್ಲರಿಗೂ ನಡೆದಾರಿ ಸಿಗುತ್ತದೆ ನಿಜ. ಆದರೆ ಅದಕ್ಕೆ ಬೇಕಾದ ಜಾಗ ಎಲ್ಲಿಂದಲೋ ಬರಬೇಕಲ್ಲ? ಬಹಳ ಕಡೆ ಮಲಗಿದವರ ಪಾದ ಮುಂದಿನ ಸೀಟಿನ ಮಗ್ಗುಲಿನ ಒಂದು ಗೂಡಿನೊಳಗೆ ತೂರಬೇಕು. ಈ ವಿಮಾನದಲ್ಲಿ ಸೀಟು 28 ಇಂಚು ಅಗಲ, ಹಾಸಿಗೆ 78 ಇಂಚು ಉದ್ದ. ಕಾಲಿನ ಗೂಡು ಒಂದು ಮೂಲೆಗಿರುವುದರಿಂದ ಸ್ವಲ್ಪ ಓರೆಯಾಗಿ ಮಲಗಬೇಕು. ಪ್ರತಿ ವಿಭಾಗದ ಮೊದಲ ಸಾಲಿನಲ್ಲಿ ಮಾತ್ರ ಎದುರಿಗೆ ಸೀಟಿಲ್ಲ, ಗೂಡಿನ ಬದಲು ಅಡ್ಡಗಲಕ್ಕೂ ಬೆಂಚಿನಂಥ ಜಾಗವಿದೆ.

ಒಂದು ಭಾನುವಾರ ಬೆಳಿಗ್ಗೆ ನಮ್ಮ ನಡುಮನೆಯ ಕೆಂಪು ಗಾರೆ ನೆಲದ ಮೇಲೆ ಟೇಪು ಹಿಡಿದು ಅಳೆದು ರಂಗೋಲಿ ಪುಡಿಯಲ್ಲಿ ಆ ಹಾಸಿಗೆಯನ್ನು ಬರೆದೆ. ತುದಿಯ ಮೂಲೆಗೆ ಟಿ.ವಿ. ತಂದ ರಟ್ಟಿನ ಡಬ್ಬಿಯನ್ನು ಅಡ್ಡ ಮಲಗಿಸಿ ಗೂಡು ಮಾಡಿದೆ. ಚಾಪೆ ಹಾಸಿ, "ಅವ್ವ, ಇದರ ಮೇಲೆ ಮಲಗಿ ನೋಡು" ಎಂದೆ. ಮಲಗಿದಳು. ಎಡಕ್ಕೆ ಹೊರಳಿದಳು, ಬಲಕ್ಕೆ ಹೊರಳಿದಳು. ಬಲಕ್ಕೆ ಹೊರಳಿದಾಗ ಆಪರೇಷನ್ ಆದ ಕಾಲಿನ ಹಿಮ್ಮಡಿ ಡಬ್ಬಿಯ ಅಂಚಿಗೆ ತಗುಲಿ ಮಂಡಿ ತಿರುಚಿಕೊಂಡಿತು. "ಇದು ನನಗೆ ಆಗುವುದಿಲ್ಲ ಕಣಪ್ಪ" ಎಂದು ಎದ್ದು ಕೂತಳು. ಡಬ್ಬಿ ತೆಗೆದು, ಮೊದಲ ಸಾಲಿನಲ್ಲಿ ಇರುವ ಹಾಗೆ ಮಣೆಗಳನ್ನು ಅಡ್ಡಲಾಗಿ ಜೋಡಿಸಿದೆ. ಈ ಸಲ ಅವ್ವ ಮಾತಾಡಲಿಲ್ಲ. ಐದು ನಿಮಿಷ ಬಿಟ್ಟು ನೋಡಿದರೆ ಕಣ್ಣು ಮುಚ್ಚಿದ್ದಳು. ಅಂದೇ ಮೊದಲ ಸಾಲಿನ ಸೀಟು ಕಾಯ್ದಿರಿಸಿದೆ.

ಖರ್ಚಿನ ಮಾತು. ಇಬ್ಬರಿಗೂ ಎರಡು ಕಡೆಯೂ ಬಿಸಿನೆಸ್ ಎಂದರೆ ನಮ್ಮ ಮನೆಯ ಕಬ್ಬಿನ ಹಣ ಒಂದು ವರ್ಷದ್ದೂ ಸಾಲದು. ಅದಕ್ಕೆ ಹೋಗುವಾಗ ಅವ್ವನಿಗೆ ಮಾತ್ರ ಬಿಸಿನೆಸ್, ನಾನು ಹಿಂದೆ ಪ್ರೀಮಿಯಂ ಎಕಾನಮಿಯಲ್ಲಿ. ಇಂಗ್ಲಿಷ್ ಬಾರದ ತಾಯಿಯನ್ನು ಬೇರೆ ಕೂರಿಸುವುದು ಸಣ್ಣ ತೀರ್ಮಾನವಲ್ಲ. ದಪ್ಪ ಕಾಗದದ ಏಳು ಚೀಟಿ ಮಾಡಿದೆ. ಒಂದು ಬದಿಗೆ ಕನ್ನಡ, ಹಿಂಬದಿಗೆ ಅದೇ ಮಾತು ಇಂಗ್ಲಿಷಿನಲ್ಲಿ: ಬಿಸಿನೀರು ಬೇಕು, ಹಾಸಿಗೆ ಬಿಡಿಸಿಕೊಡಿ, ಚಳಿಯಾಗುತ್ತಿದೆ, ಮೊಟ್ಟೆ ಮಾಂಸ ತಿನ್ನುವುದಿಲ್ಲ, ಕಾಲು ನೋಯುತ್ತಿದೆ, ಶೌಚಾಲಯದ ಬಾಗಿಲು ತೆರೆದು ತೋರಿಸಿ, ನನ್ನ ಮಗ ಹಿಂದೆ ಇಂಥ ಸೀಟಿನಲ್ಲಿದ್ದಾನೆ. ಅಕ್ಷರ ದಪ್ಪಗೆ ಬರೆದು, ಮೂಲೆಗೆ ತೂತು ಹಾಕಿ ದಾರದಲ್ಲಿ ಪೋಣಿಸಿ ಕೊಟ್ಟೆ. ಸಿಬ್ಬಂದಿಯ ಹುಡುಗಿ ಹತ್ತುವಾಗಲೇ ಆ ಚೀಟಿಗಳನ್ನು ಒಂದೊಂದಾಗಿ ಓದಿ ಅವ್ವನ ಕೈ ಹಿಡಿದು ಕರೆದೊಯ್ದಳು.

ವಿಮಾನ ಹೊರಟದ್ದು ನಡುರಾತ್ರಿಯ ಹೊತ್ತಿಗೆ. ಊಟದ ನಂತರ ನನ್ನನ್ನು ಒಮ್ಮೆ ಮುಂದಕ್ಕೆ ಕರೆದರು. ಆ ಸೀಟು ತಾನಾಗಿ ಹಿಂದಕ್ಕೆ ಬಾಗಿ ಹಾಸಿಗೆಯಾಗುವುದಿಲ್ಲ. ಕೂತವರು ಎದ್ದು ನಿಲ್ಲಬೇಕು, ಬೆನ್ನಿನ ಭಾಗವನ್ನು ಮುಂದಕ್ಕೆ ಮಗುಚಬೇಕು. ಮಗುಚಿದಾಗ ಅದರ ಹಿಂಬದಿಯಲ್ಲಿ ಹಾಸಿಗೆ ಸಿದ್ಧವಾಗಿರುತ್ತದೆ. ಕೂರುವ ಮೆತ್ತೆಯ ಸಂದುಗಳು ಬೆನ್ನಿಗೆ ಒತ್ತುವುದಿಲ್ಲ ಎಂಬುದು ಇದರ ಗುಣ, ನಡುರಾತ್ರಿ ಎದ್ದು ಕೂರಬೇಕೆಂದರೆ ಮತ್ತೆ ಮಗುಚಬೇಕು ಎಂಬುದು ತೊಡಕು. ಅವ್ವನಿಗೆ ನಾನು ಹೇಳಿದ್ದು ಎರಡೇ ಮಾತು: ಬೆಲ್ಟನ್ನು ಹೊದಿಕೆಯ ಮೇಲೆ ಹಾಕಿಕೋ, ಆಗ ವಿಮಾನ ಕುಲುಕಿದರೂ ಯಾರೂ ನಿನ್ನನ್ನು ಎಬ್ಬಿಸುವುದಿಲ್ಲ. ಎಚ್ಚರವಾದಾಗಲೆಲ್ಲ ಒಂದು ಲೋಟ ನೀರು ಕುಡಿದು ಎದ್ದು ನಡೆ. ಹಾರುವ ವಿಮಾನದೊಳಗೆ ತೇವ ಸಾಮಾನ್ಯವಾಗಿ ಶೇ. 20ಕ್ಕಿಂತ ಕಡಿಮೆ, ತುಟಿ ಬಿರಿಯುವಷ್ಟು ಒಣ ಗಾಳಿ. ಕಾಲಿಗೆ ವೈದ್ಯರು ಅಳತೆ ನೋಡಿ ಬರೆದುಕೊಟ್ಟ ಬಿಗಿ ಸ್ಟಾಕಿಂಗ್ಸ್ ಇತ್ತು. ಕೈಚೀಲದಲ್ಲಿ ರಾಗಿ ಹುರಿಟ್ಟಿನ ಸಣ್ಣ ಪೊಟ್ಟಣ. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 350 ಮಿಲಿಲೀಟರಿಗಿಂತ ಹೆಚ್ಚು ಪುಡಿ ಕೈಚೀಲದಲ್ಲಿದ್ದರೆ ಹೆಚ್ಚುವರಿ ತಪಾಸಣೆ ಇರುತ್ತದೆ, ಸಣ್ಣದು ಸಾಕು.

ಅವ್ವ ಏಳು ಗಂಟೆ ಮಲಗಿದಳು. ನ್ಯೂಯಾರ್ಕಿನಲ್ಲಿ ಗಾಲಿಕುರ್ಚಿ ಬರುವವರೆಗೂ ನಿಂತೇ ಇದ್ದಳು, ಚಪ್ಪಲಿ ಕಾಲಲ್ಲೇ ಇತ್ತು.

ಬರುವಾಗ ಹಣ ಮುಗಿದಿತ್ತು, ಇಬ್ಬರಿಗೂ ಪ್ರೀಮಿಯಂ ಎಕಾನಮಿ. ಇಲ್ಲಿ ಸೀಟಿನಿಂದ ಸೀಟಿಗೆ 38 ಇಂಚು, ಸಾಮಾನ್ಯ ಎಕಾನಮಿಯಲ್ಲಿ ಅದು 31, 32. ಮೀನಖಂಡಕ್ಕೆ ಆಸರೆ ಏಳುತ್ತದೆ, ಬೆನ್ನು 8 ಇಂಚು ಹಿಂದಕ್ಕೆ ಹೋಗುತ್ತದೆ. ಆದರೂ ಇದು ಕುರ್ಚಿಯೇ, ಹಾಸಿಗೆಯಲ್ಲ. ಮಂಡಿ ನೋವಿರುವವರಿಗೆ ಇದನ್ನೂ ಬಿಸಿನೆಸ್ಸನ್ನೂ ಹತ್ತಿರದ ಬಂಧುಗಳೆಂದು ನಾನು ಎಂದೂ ಹೇಳುವುದಿಲ್ಲ. ಆದರೆ ಈ ವಿಮಾನದ ಬಾಲದ ಕಡೆ ಒಡಲು ಕಿರಿದಾಗುವುದರಿಂದ ಕೊನೆಯ ಮೂರು ಸಾಲುಗಳಲ್ಲಿ ಎರಡು ಬದಿಗೂ ಒಂಟಿ ಸೀಟು, ಒಟ್ಟು ಆರು. ಕಿಟಕಿಯ ಕಡೆ ಸಾಮಾನಿಡಲು ಪೆಟ್ಟಿಗೆ ಬೇರೆ. ಟಿಕೆಟ್ ಮಾಡಿದ ದಿನವೇ ಒಂದರ ಹಿಂದೆ ಒಂದು, ಅಂಥ ಎರಡನ್ನು ಹಿಡಿದಿದ್ದೆ.

ಅವ್ವ ಕಡಿಮೆ ಮಲಗಿದಳು, ಕಾಲು ತುಸು ಊದಿತು. ಆದರೆ ಎಂಟು ಸಲ ಎದ್ದು ನಡೆದಳು, ನಾನು ಹಿಂದೆ ಕೂತು ಎಣಿಸುತ್ತಿದ್ದೆ. ಸಿಂಗಪುರ ಹತ್ತಿರವಾದಾಗ ಹಿಂದಕ್ಕೆ ತಿರುಗಿ ಖಾಲಿ ಬಾಟಲಿಯನ್ನು ನನ್ನ ಕೈಗೆ ಕೊಟ್ಟು, ಕಿಟಕಿಯ ತೆರೆ ಮೇಲೆತ್ತಿ, ಇನ್ನೂ ಕತ್ತಲಿದ್ದ ಸಮುದ್ರದ ಮೇಲೆ ಹಡಗುಗಳ ದೀಪ ತೋರಿಸಿದಳು.