ಸೆಕೆಂಡ್ ಹ್ಯಾಂಡ್ ಎಕೋ, ಎಂಟು ಮಿಲಿಮೀಟರ್ ಮತ್ತು ನಾನು

ಕಳೆದ ತಿಂಗಳು ನನ್ನ ಹಳೇ ಸಹಪಾಠಿ ಫೋನ್ ಮಾಡಿದ. ಅವನು ಈಗ ಹೃದ್ರೋಗ ತಜ್ಞ. "ನೀನು ಈ ಸಲ ಅಳೆದು ಕಳಿಸಿದ ಹದಿನಾಲ್ಕು ರೋಗಿಗಳಲ್ಲಿ ಹದಿಮೂರು ಜನರ ಅಂದಾಜು ಸರಿ ಇತ್ತು ಮಾರಾಯ" ಅಂದ. ಮೂರು ವರ್ಷದ ಹಿಂದೆ ನಾನು ಸೆಕೆಂಡ್ ಹ್ಯಾಂಡ್ ಎಕೋ, ಅಂದರೆ ಹೃದಯ ನೋಡುವ ಅಲ್ಟ್ರಾಸೌಂಡ್ ಮಷಿನ್, ತಗೋತೀನಿ ಅಂದಾಗ ಇದೇ ಮನುಷ್ಯ "ಅಡಿಕೆ ತೂಗೋ ತಕ್ಕಡೀಲಿ ಬಂಗಾರ ತೂಗೋಕೆ ಹೊರಟಿದೀಯಾ" ಅಂತ ನಕ್ಕಿದ್ದ. ಅದಕ್ಕೇ ಬರೆಯುತ್ತಿದ್ದೇನೆ. ಜಂಬ ಅಂದ್ಕೊಂಡರೂ ಬೇಜಾರಿಲ್ಲ.

ದಾವಣಗೆರೆಯಲ್ಲಿ ನನ್ನದು ಎಂಟು ಹಾಸಿಗೆಯ ಸಣ್ಣ ಕ್ಲಿನಿಕ್. ಜಗಳೂರು, ಹೊನ್ನಾಳಿ, ಹರಪನಹಳ್ಳಿ ಕಡೆಯಿಂದ ಏದುಸಿರು ಬಿಡುತ್ತಾ ಬರುವವರೇ ಜಾಸ್ತಿ. ಎಕೋ ಮಾಡಿಸ್ಕೊಂಡು ಬನ್ನಿ ಅಂತ ಚೀಟಿ ಬರೆದರೆ ಅರ್ಧ ಜನ ಸೀದಾ ಬಸ್ ಸ್ಟ್ಯಾಂಡಿಗೆ ಹೋಗುತ್ತಾರೆ. ಊರಿಗೆ ಹೋಗಿ ತಿಂಗಳಾದ ಮೇಲೆ ಕಾಲು ಬಾತುಕೊಂಡು ವಾಪಸ್. ಅವರು ಬಸ್ ಹತ್ತೋ ಮೊದಲೇ ಮೈಗೆಲ್ಲ ರಕ್ತ ಪಂಪ್ ಮಾಡುವ ಹೃದಯದ ಎಡ ಕುಹರ ಸೋತಿದೆಯಾ ಇಲ್ಲವಾ ಅನ್ನೋದು ನನಗೆ ಗೊತ್ತಾಗಬೇಕಿತ್ತು. ಅಷ್ಟೇ. ನಿಖರವಾದ ಇಎಫ್ (ಪ್ರತಿ ಬಡಿತಕ್ಕೆ ಕುಹರ ಶೇಕಡಾ ಎಷ್ಟು ರಕ್ತ ಹೊರಗೆ ತಳ್ಳುತ್ತೆ ಅನ್ನೋ ಅಂಕಿ) ಯಾರಿಗೆ ಬೇಕು?

ಮಷಿನ್ ಬೆಂಗಳೂರಿನ ಒಬ್ಬ ಡೀಲರ್ ಹತ್ತಿರ ತಗೊಂಡೆ. ನಾಲ್ಕು ಲಕ್ಷ ಇಪ್ಪತ್ತು ಸಾವಿರ, ಎದೆ ಮೇಲೆ ಇಡುವ ಒಂದು ಕಾರ್ಡಿಯಾಕ್ ಪ್ರೋಬ್ ಸೇರಿ. ಹೃದಯ ಮಾತ್ರ ನೋಡ್ತೀನಿ ಅಂದರೂ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ ಪಿಸಿಪಿಎನ್‌ಡಿಟಿ ನೋಂದಣಿ ತಪ್ಪಲ್ಲ ಅನ್ನೋದು ನಿಮಗೆ ಗೊತ್ತೇ ಇದೆ. ನನ್ನ ಕಾಗದ ಪತ್ರ ಮುಗಿಯೋಕೆ ಐದು ತಿಂಗಳು ಹಿಡಿಯಿತು. ಮಷಿನ್ ಬೆಡ್‌ಶೀಟ್ ಹೊದ್ದು ಮಲಗಿತ್ತು, ಬ್ಯಾಂಕಿನ ಬಡ್ಡಿ ಮಾತ್ರ ಎದ್ದು ಓಡುತ್ತಿತ್ತು. ಕೊನೆಗೆ ಆನ್ ಮಾಡಿದರೆ ಪರದೆಯ ಮಧ್ಯೆ ಉದ್ದಕ್ಕೆ ಕಪ್ಪು ಪಟ್ಟೆ. ಪ್ರೋಬಿನ ಕ್ರಿಸ್ಟಲ್ ಸತ್ತಿತ್ತು. ಇನ್ನೊಂದು ಪ್ರೋಬಿಗೆ ತೊಂಬತ್ತು ಸಾವಿರ. ಅದೂ ಇದೂ ಸೇರಿ ಆರು ಲಕ್ಷದ ಹತ್ತಿರ ಹೋಯಿತು. ಒಮ್ಮೆ ನೋಡಿದರೆ ಮುನ್ನೂರು ರೂಪಾಯಿ ತಗೊಳ್ತೀನಿ, ಮತ್ತೆ ನೋಡೋದಕ್ಕೆ ದುಡ್ಡು ತಗೊಳ್ಳಲ್ಲ. ಅಸಲು ಇನ್ನೂ ಬಂದಿಲ್ಲ.

ಮೊದಲ ಇಪ್ಪತ್ತು ರೋಗಿಗಳ ಲೆಕ್ಕ ನೆನೆಸಿಕೊಂಡರೆ ಈಗಲೂ ನಾಚಿಕೆ. ಕಣ್ಣಂದಾಜಿನಲ್ಲಿ ಎಲ್ಲರಿಗೂ ಇಎಫ್ ಐವತ್ತು ಅಂತ ಬರೆದುಬಿಡುತ್ತಿದ್ದೆ. ಪೂರ್ತಿ ಎಕೋಗೆ ಆ ಹೃದ್ರೋಗ ತಜ್ಞ ಸ್ನೇಹಿತನ ಹತ್ತಿರ ಕಳಿಸಿದರೆ ಅವನ ರಿಪೋರ್ಟಿನಲ್ಲಿ ಒಬ್ಬರಿಗೆ ಮೂವತ್ತು, ಇನ್ನೊಬ್ಬರಿಗೆ ಅರವತ್ತೈದು. ಆಮೇಲೆ ಇಪಿಎಸ್‌ಎಸ್ ಹಿಡಿದೆ. ಮೈಟ್ರಲ್ ವಾಲ್ವಿನ ಎಲೆಯ ತುದಿಗೂ ಎರಡು ಕುಹರಗಳ ನಡುವಿನ ಗೋಡೆಯಾದ ಸೆಪ್ಟಮ್‌ಗೂ 7 ಮಿಲಿಮೀಟರ್‌ಗಿಂತ ಜಾಸ್ತಿ ಅಂತರ ಇದ್ದರೆ ಕುಹರ ಸೋತಿದೆ ಅಂತ ಲೆಕ್ಕ. ಸುಲಭ ಅನ್ನಿಸಿತು. ಹೊನ್ನಾಳಿ ಕಡೆಯ ಮೂವತ್ತರ ಹೆಣ್ಣುಮಗಳಿಗೆ 16 ಬಂತು. ದೊಡ್ಡ ಅಕ್ಷರದಲ್ಲಿ ಬರೆದು ಕಳಿಸಿದೆ. ಅವಳ ಇಎಫ್ ಅರವತ್ತು, ಕುಹರ ಸರಿಯಾಗೇ ಇತ್ತು! ರುಮ್ಯಾಟಿಕ್ ಮೈಟ್ರಲ್ ಸ್ಟೆನೋಸಿಸ್, ಅಂದರೆ ಕಿರಿದಾದ ವಾಲ್ವ್. ಬಾಗಿಲೇ ಅಂಟಿಕೊಂಡಿತ್ತು, ಎಲೆ ಸೆಪ್ಟಮ್ ತನಕ ಹೋಗೋದಾದರೂ ಹೇಗೆ? ಎಡ ಮಗ್ಗುಲಿಗೆ ಮಲಗಿಸಿ ಸ್ಟೆತ್ ಇಟ್ಟಿದ್ದರೆ ಮರ್ಮರ್ ಕೇಳುತ್ತಿತ್ತು. ಮಷಿನ್ ಬಂದ ಹೊಸತರಲ್ಲಿ ನನ್ನ ಸ್ಟೆತ್ ಬರೀ ಕೊರಳಿನ ಅಲಂಕಾರವಾಗಿತ್ತು.

ಕೊನೆಗೆ ಕೈ ಹಿಡಿದಿದ್ದು ಮ್ಯಾಪ್ಸೆ. ಪ್ರತಿ ಬಡಿತಕ್ಕೆ ಮೈಟ್ರಲ್ ವಾಲ್ವಿನ ಉಂಗುರ (ಆನ್ಯುಲಸ್) ಹೃದಯದ ತುದಿಯ ಕಡೆಗೆ ಎಷ್ಟು ಸರಿಯುತ್ತೆ ಅನ್ನೋ ಅಳತೆ ಇದು. ತುದಿಯಿಂದ ನಾಲ್ಕೂ ಕೋಣೆ ಕಾಣುವ ಚಿತ್ರ (ಅಪಿಕಲ್ ಫೋರ್ ಚೇಂಬರ್), ಆನ್ಯುಲಸ್ ಮೇಲೆ ಚಲನೆ ತೋರಿಸುವ ಎಮ್-ಮೋಡ್ ಗೆರೆ, ಹೊರಗೋಡೆ ಕಡೆ (ಲ್ಯಾಟರಲ್) ಒಂದು, ಸೆಪ್ಟಮ್ ಕಡೆ ಒಂದು, ಎರಡರ ಸರಾಸರಿ. 10 ಮಿಲಿಮೀಟರ್ ಅಥವಾ ಮೇಲಿದ್ದರೆ ಇವತ್ತು ಗಾಬರಿ ಬೇಡ. 8ಕ್ಕಿಂತ ಕಡಿಮೆ ಇದ್ದರೆ ಸೋತಿದೆ ಅಂತಲೇ ಇಟ್ಟುಕೊಂಡು ಔಷಧಿ ಶುರು, ಪೂರ್ತಿ ಎಕೋಗೆ ಚೀಟಿ. ನಡುವಿನವರಿಗೆ ಚೀಟಿ ಮಾತ್ರ.

ಇದೂ ಮೊದಲಿಗೆ ಕೈ ಕೊಟ್ಟಿತು. ಆನ್ಯುಲಸ್ ಓಡುವ ದಾರಿಗೆ ಗೆರೆ ಓರೆಯಾಗಿ ಬಿದ್ದರೆ ಅಳತೆ ಕಡಿಮೆ ಬರುತ್ತದೆ. ಇಸಿಜಿ ತಂತಿ ಹಾಕೋಕೆ ಸೋಮಾರಿತನ ಮಾಡಿದರೆ ಹೃದಯ ಹಿಂಡುವ ಹೊತ್ತು (ಸಿಸ್ಟೋಲ್) ಮುಗಿದ ಮೇಲಿನ ಸಣ್ಣ ಏರನ್ನೂ ಸೇರಿಸಿಕೊಂಡು ಒಂದೆರಡು ಮಿಲಿಮೀಟರ್ ಜಾಸ್ತಿ ಅಳೆದುಬಿಡುತ್ತೇವೆ. ಆರು ತಿಂಗಳು ನಾನು ಮಾಡಿದ್ದು ಅದನ್ನೇ. ನಮ್ಮ ನರ್ಸ್ "ಸರ್, ಆ ಮೂರು ತಂತಿ ಯಾಕೆ ಸುಮ್ನೆ ನೇತಾಡ್ತಿವೆ" ಅಂತ ಕೇಳಿದ ದಿನ ಬುದ್ಧಿ ಬಂತು.

ನಿಜವಾದ ತಿರುವು ಸಿಕ್ಕಿದ್ದು ಮಂಚದಿಂದ. ಎಡ ಮಗ್ಗುಲಿಗೆ ಮಲಗಿಸಿದರೆ ಹೃದಯದ ತುದಿ (ಅಪೆಕ್ಸ್) ಹಾಸಿಗೆಯೊಳಗೆ ಹೂತುಹೋಗುತ್ತದೆ, ಪ್ರೋಬ್ ಇಡಲು ಜಾಗವೇ ಇರಲ್ಲ. ಮೇಲಿನಿಂದ ಇಟ್ಟರೆ ಕುಹರ ಗಿಡ್ಡವಾಗಿ, ಗುಂಡಗೆ ಕಾಣುತ್ತದೆ. ಎಕೋಗೆಂದೇ ಮಾಡಿದ, ಪಕ್ಕ ಕತ್ತರಿಸಿದ ಮಂಚದ ಬೆಲೆ ಕೇಳಿ ಫೋನ್ ಇಟ್ಟೆ. ನಮ್ಮ ಬೀದಿಯ ಬಡಗಿಗೆ ಹಲಗೆಯಲ್ಲಿ ಕಿಂಡಿ ಕೊರೆಯಲು ಹೇಳಿದೆ. ಗಾದಿ ಹೊಲಿಯುವವನು ಫೋಮ್ ಕತ್ತರಿಸಿ ರೆಕ್ಸಿನ್ ಹಾಕಿದ. ನಾಲ್ಕೂವರೆ ಸಾವಿರದಲ್ಲಿ ಮುಗಿಯಿತು. ಮೊದಲ ಕಿಂಡಿ ದೊಡ್ಡದಾಗಿ ಅಜ್ಜಿಯೊಬ್ಬರ ಮೊಣಕೈ ಅದರೊಳಗೆ ಜಾರಿತು, ಎರಡನೇ ಸಲ ಸರಿಹೋಯಿತು. ಅಲ್ಲಿಂದ ಮುಂದೆ ನನ್ನ ಅಳತೆಯೂ ಸ್ನೇಹಿತನ ರಿಪೋರ್ಟೂ ಒಂದೇ ದಾರಿಗೆ ಬಂದವು. ನೋಟ್‌ಬುಕ್ಕಿನಲ್ಲಿ ಒಟ್ಟು ನೂರಾ ಎಪ್ಪತ್ತು ಚಿಲ್ಲರೆ ಹೆಸರಿವೆ. ಮಂಚ ಬಂದ ಮೇಲಿನ ನೂರರಲ್ಲಿ ಪೂರ್ತಿ ತಪ್ಪಿದ್ದು ಏಳೋ ಎಂಟೋ.

ಆ ತಪ್ಪುಗಳಲ್ಲಿ ಎರಡು ಹೇಳಲೇಬೇಕು. ಬಿಪಿ ಇದ್ದ ಅರವತ್ತೆರಡರ ಟೀಚರಮ್ಮ, ಹೃದಯದ ಗೋಡೆ ದಪ್ಪ, ಮ್ಯಾಪ್ಸೆ 7. ರಿಪೋರ್ಟಿನಲ್ಲಿ ಇಎಫ್ 62. ಸ್ನೇಹಿತ ಫೋನಿನಲ್ಲೇ ನಕ್ಕ. ಆದರೆ ಆಕೆ ಹತ್ತು ಮೆಟ್ಟಿಲು ಹತ್ತಿದರೆ ಕೂತುಬಿಡುತ್ತಿದ್ದರು. ಡಯಾಸ್ಟೋಲ್ (ಹೃದಯ ಸಡಿಲಾಗಿ ರಕ್ತ ತುಂಬಿಕೊಳ್ಳುವ ಹೊತ್ತು) ಸರಿಯಾಗಿ ನೋಡು ಅಂತ ಹಠ ಮಾಡಿದೆ. ಎಡ ಹೃದಯದೊಳಗಿನ ಒತ್ತಡ ಅಂದಾಜಿಸುವ ಇ ಬೈ ಇ-ಪ್ರೈಮ್ 16, ಅಂದರೆ ಜಾಸ್ತಿ, ಮೇಲಿನ ಕೋಣೆ ಎಡ ಏಟ್ರಿಯಮ್ ಊದಿತ್ತು. ಉದ್ದುದ್ದ ಓಡುವ ನಾರುಗಳು ಮೊದಲು ಸೋಲುತ್ತವೆ, ಆಗ ಅಡ್ಡ ನಾರುಗಳು ಇಎಫ್ ಅನ್ನು ಎತ್ತಿ ಹಿಡಿದಿರುತ್ತವೆ. ಹಾಗಾಗಿ ಇದನ್ನ ತಪ್ಪು ಅಂತ ಬರೆಯಲು ನನಗೆ ಮನಸ್ಸಿಲ್ಲ. ಇನ್ನೊಂದು ಮಾತ್ರ ಶುದ್ಧ ನನ್ನ ತಪ್ಪು, ಈ ಸಲದ ಹದಿನಾಲ್ಕರಲ್ಲಿ ಕೈ ತಪ್ಪಿದವರು ಇವರೇ. ಹಿಂದೆ ಹೃದಯದ ಮುಂಭಾಗಕ್ಕೆ ಅಟ್ಯಾಕ್ (ಆಂಟೀರಿಯರ್) ಆಗಿದ್ದವರು. ಕುಹರದ ಬುಡ, ಅಂದರೆ ವಾಲ್ವಿನ ಕಡೆ, ಚೆನ್ನಾಗಿ ಓಡುತ್ತಿತ್ತು, ಮ್ಯಾಪ್ಸೆ 10. ಖುಷಿಯಾಗಿ ಎದ್ದೆ. ಅಪೆಕ್ಸ್ ಸತ್ತು ಬಲೂನಿನ ಹಾಗೆ ಉಬ್ಬಿತ್ತು, ಇಎಫ್ 38. ಬುಡ ಅಳೆದು ತುದಿ ನೋಡದೆ ಏಳಬಾರದು ಅಲ್ವಾ.

ಸ್ನೇಹಿತನ ನಗು ನಿಂತಿದ್ದು ಹರಿಹರದ ಆಟೋ ಡ್ರೈವರಿಂದ. ನಲವತ್ತೊಂದು ವಯಸ್ಸು, ನಾಡಿ 140, ತಾಳ ತಪ್ಪಿದ ಬಡಿತ (ಏಟ್ರಿಯಲ್ ಫಿಬ್ರಿಲೇಶನ್). ಮ್ಯಾಪ್ಸೆ 5, ಐದಾರು ಬಡಿತದ ಸರಾಸರಿ ತಗೊಂಡರೂ ಐದೇ. ಬೇರೆ ಕಡೆ ಇಎಫ್ 25 ಅಂತ ಬರೆದು, ಡೈಲೇಟೆಡ್ ಕಾರ್ಡಿಯೋಮಯೋಪತಿ (ಹೃದಯ ಹಿಗ್ಗಿ ಸೋಲುವ ಕಾಯಿಲೆ) ಅಂತ ಹೇಳಿ, ಕುಡಿತ ಬಿಡು ಅಂದು ಕಳಿಸಿದ್ದರು. ಅವನು ಕುಡಿಯುತ್ತಿರಲಿಲ್ಲ. ಅಂಗಿ ಬಿಚ್ಚುವಾಗ ಬೆರಳು ನಡುಗಿ ಮೂರನೇ ಗುಂಡಿ ತೆಗೆಯೋಕೆ ಆಗಲಿಲ್ಲ. ಡಿಸೆಂಬರಿನ ಬೆಳಗ್ಗೆ ಬನಿಯನ್ ಒದ್ದೆ. ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ಕಳಿಸಿದೆ, ಹೆಚ್ಚುಕಡಿಮೆ ಸೊನ್ನೆ, ಅಂದರೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿತ್ತು. ಕಾರ್ಬಿಮಜೋಲ್, ಬೀಟಾ ಬ್ಲಾಕರ್, ರಕ್ತ ತೆಳು ಮಾಡುವ ಮಾತ್ರೆ. ಎರಡನೇ ತಿಂಗಳು ಮ್ಯಾಪ್ಸೆ 8, ನಾಲ್ಕನೇ ತಿಂಗಳು 11. ಇನ್ನೂರೈವತ್ತು ರೂಪಾಯಿಯ ಟೆಸ್ಟು!

ಅದಕ್ಕೇ 8ಕ್ಕಿಂತ ಕೆಳಗೆ ಬಂದ ಯಾರನ್ನೂ ಕಾರಣ ಹುಡುಕದೆ ಬಿಡಲ್ಲ. ರಕ್ತನಾಳ, ಬಿಪಿ, ವಾಲ್ವ್ ಎಲ್ಲರೂ ನೋಡುತ್ತಾರೆ. ನಾನು ಟಿಎಸ್‌ಎಚ್, ಹಿಮೋಗ್ಲೋಬಿನ್, ಕ್ಯಾಲ್ಸಿಯಮ್ ಮರೆಯಲ್ಲ. ಕುಡಿತದ ಬಗ್ಗೆ ಹೆಂಡತಿ ಇದ್ದಾಗ ಒಂದು ಸಲ, ಇಲ್ಲದಾಗ ಒಂದು ಸಲ ಕೇಳುತ್ತೇನೆ. ಕ್ಯಾನ್ಸರಿಗೆ ಕೆಂಪು ಔಷಧಿ ಏರಿಸಿದ್ದರಾ ಅಂತಲೂ ಕೇಳುತ್ತೇನೆ, ಡಾಕ್ಸೋರುಬಿಸಿನ್ ವರ್ಷಗಳ ಮೇಲೂ ಕಾಡುತ್ತದೆ. ಹೆಣ್ಣುಮಕ್ಕಳಿಗೆ ಹೆರಿಗೆ ತಾರೀಕು ಕೇಳಲೇಬೇಕು. ತುಂಬು ತಿಂಗಳಿನಿಂದ ಹೆರಿಗೆಯಾಗಿ ಐದು ತಿಂಗಳ ತನಕ ಬಸಿರು-ಬಾಣಂತನದಿಂದಲೇ ಹೃದಯ ಸೋತಿರಬಹುದು ಅನ್ನೋ ಅನುಮಾನ ಇರಲಿ. ಜಗಳೂರಿನ ಬಾಣಂತಿಯೊಬ್ಬಳಿಗೆ ಶೀತ ಆಗಿದೆ ಅಂತ ಮೂರು ವಾರ ಬರೀ ಬೆಳ್ಳುಳ್ಳಿ, ಬಿಸಿನೀರು ಕೊಟ್ಟಿದ್ದರು. ಮ್ಯಾಪ್ಸೆ 6. ಅವಳೂ ಈಗ ಚೆನ್ನಾಗಿದ್ದಾಳೆ.

ಔಷಧಿ ಖರ್ಚಿನ ಮಾತು. ಸೋತ ಹೃದಯಕ್ಕೆ ಕೊಡುವ ಡಾಪಾಗ್ಲಿಫ್ಲೋಜಿನ್ ಪೇಟೆಂಟ್ 2020ರಲ್ಲಿ ಮುಗಿಯಿತು, ಸಕ್ಯುಬಿಟ್ರಿಲ್-ವಾಲ್ಸಾರ್ಟನ್‌ದು 2023ರಲ್ಲಿ. ತಿಂಗಳಿಗೆ ಮೂರು ಸಾವಿರ ದಾಟುತ್ತಿದ್ದ ಚೀಟಿ ಈಗ ಸಾವಿರದ ಆಸುಪಾಸಿಗೆ ಇಳಿದಿದೆ. ಸೋತ ಹೃದಯಕ್ಕೆ ಬೇಕಾದ ನಾಲ್ಕೂ ಗುಂಪಿನ ಮಾತ್ರೆ ಬರೆಯೋಕೆ ಈಗ ಕೈ ನಡುಗಲ್ಲ.

ನಡುವೆ ಬೇರೆ ಹುಚ್ಚಾಟಗಳೂ ನಡೆದವು. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಹದಿನೈದು ಜನ ಏದುಸಿರಿನವರ ಬಲ ಕುಹರ ನೋಡಿದೆ. ಗಾಳಿ ತುಂಬಿದ ಶ್ವಾಸಕೋಶ ಅಡ್ಡ ಬಂದು ಅಪಿಕಲ್‌ನಲ್ಲಿ ಏನೂ ಕಾಣಲ್ಲ, ಪಕ್ಕೆಲುಬಿನ ಕೆಳಗಿನಿಂದ ದಾರಿ ಹುಡುಕಿ, ಕಂಡಷ್ಟು ಹಿಡಿದು ಬಂದೆ. ಆರೇಳು ಜನರಿಗೆ ಟ್ಯಾಪ್ಸೆ (ಬಲ ಕುಹರದ ಮ್ಯಾಪ್ಸೆ ಅನ್ನಿ) 17ಕ್ಕಿಂತ ಕಡಿಮೆ, ಅಂದರೆ ಬಲ ಕುಹರ ಸೋತಿತ್ತು. ಹೃದಯದ ಮಾತ್ರೆಗಿಂತ ಇನ್ಹೇಲರ್ ಮುಖ್ಯ ಅಂತ ಹೇಳೋಕೆ ಆ ಅಂಕಿ ಸಹಾಯಕ್ಕೆ ಬಂತು, ಆದರೆ ಭಟ್ಟಿ ಬಿಡಿ ಅಂದರೆ ಊಟಕ್ಕೇನು ಮಾಡ್ತಾರೆ? ಇನ್ನೊಂದು ಪ್ರಯೋಗದಲ್ಲಿ ರೋಗಿಯನ್ನು ಇಪ್ಪತ್ತೆರಡು ಮೆಟ್ಟಿಲು ಹತ್ತಿಸಿ ತಕ್ಷಣ ಅಳೆಯಲು ಹೋದೆ. ಉಸಿರಿನ ಜತೆ ಚಿತ್ರ ಕುಣಿದು ತಲೆನೋವು ಬಂತು, ಬಿಟ್ಟೆ. ದುಗ್ಗಮ್ಮನ ಜಾತ್ರೆ ಮುಗಿದ ವಾರ ಮಾತ್ರ ಯಾವ ಎಕೋನೂ ಬೇಡ. ಬಾಡೂಟ, ಉಪ್ಪು, ಎರಡು ಕೆಜಿ ತೂಕ ಮೇಲೆ. ತಕ್ಕಡಿಯೇ ಸಾಕು.

ದಪ್ಪ ಮೈಯವರಲ್ಲಿ ನಾನು ಹೃದಯ ಕಾಣೋ ಜಾಗ (ಕಿಟಕಿ) ಹಿಡಿಯೋ ರೀತಿ ಇಲ್ಲಿ ಬರೆಯಲ್ಲ. ಕ್ಲಿನಿಕ್ಕಿಗೆ ಬಂದರೆ ಬೆಣ್ಣೆ ದೋಸೆ ಕೊಡಿಸಿ ತೋರಿಸುತ್ತೇನೆ.

ಆ ಫೋನಿನಲ್ಲಿ ಸ್ನೇಹಿತ ಕೊನೆಗೆ ಬಡಗಿಯ ನಂಬರ್ ಕೇಳಿದ. ಅವನ ಹೊಸ ಘಟಕಕ್ಕೆ ಎರಡು ಮಂಚ ಬೇಕಂತೆ. ನಂಬರ್ ಕೊಟ್ಟಿದ್ದೇನೆ. ಕಿಂಡಿಯ ಅಳತೆ ಮಾತ್ರ ನನ್ನ ನೋಟ್‌ಬುಕ್ಕಿನಲ್ಲೇ ಇದೆ.