ರಸೀದಿ ಕೊಡಿ, ಎದ್ದು ಹೋಗುತ್ತೇವೆ

ಧರಣಿ ಅಂದ ತಕ್ಷಣ ಜನರ ಕಣ್ಣಿಗೆ ಬರುವುದು ಶಾಮಿಯಾನ, ಮೈಕು, ಘೋಷಣೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಉದ್ಯೋಗ ಖಾತ್ರಿ ಕೂಲಿಯ ಹೆಣ್ಣುಮಕ್ಕಳ ಜೊತೆ ಓಡಾಡಿದ ನನಗೆ ಗೊತ್ತಾಗಿದ್ದೇ ಬೇರೆ. ಅರ್ಧಕ್ಕಿಂತ ಜಾಸ್ತಿ ಹೋರಾಟ ಕೂರುವ ಮೊದಲೇ, ಕಾಗದದಲ್ಲೇ ಮುಗಿದಿರಬೇಕು.

2005ರ ನರೇಗಾ ಕಾಯ್ದೆಯಲ್ಲಿ ಮಾತು ಸ್ಪಷ್ಟವಾಗಿತ್ತು. ಕೆಲಸ ಕೇಳಿದ 15 ದಿನದೊಳಗೆ ಕೆಲಸ ಕೊಡಬೇಕು, ಇಲ್ಲ ಅಂದ್ರೆ ನಿರುದ್ಯೋಗ ಭತ್ಯೆ. ಆದರೆ ಕೇಳಿದ್ದಕ್ಕೆ ಸಾಕ್ಷಿ ಏನು? ಅರ್ಜಿಗೆ ದಿನಾಂಕ ಹಾಕಿ ಕೊಟ್ಟ ರಸೀದಿ. ನಮ್ಮ ಪಂಚಾಯಿತಿಯಲ್ಲಿ ಅರ್ಜಿ ತೆಗೆದುಕೊಳ್ಳುತ್ತಿದ್ದರು, ರಸೀದಿ ಮಾತ್ರ ಕೊಡುತ್ತಿರಲಿಲ್ಲ. "ಇಟ್ಟು ಹೋಗ್ರಿ, ನೋಡೋಣು" ಅಷ್ಟೇ.

ಹಾಗಾಗಿ ಬೇಡಿಕೆ ಒಂದೇ ಇಟ್ಟುಕೊಂಡೆವು. ಭ್ರಷ್ಟಾಚಾರ ತೊಲಗಲಿ ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕೂಡ ಹೌದು ಅಂತ ತಲೆ ಆಡಿಸುತ್ತಾರೆ, ಅವರಿಗೇನು ನಷ್ಟ? ರಸೀದಿ ಹಾಗಲ್ಲ. ಅದು ಇವತ್ತೇ, ಅದೇ ಮೇಜಿನ ಮೇಲೆ, ಅವರ ಕೈಯಲ್ಲೇ ಆಗುವ ಕೆಲಸ.

ಕೂರುವ ದಿನವನ್ನು ಮೊದಲೇ ಬರೆದು ತಿಳಿಸಿದೆವು. ಪಂಚಾಯಿತಿಗೆ, ತಾಲ್ಲೂಕು ಪಂಚಾಯಿತಿಗೆ, ಪೊಲೀಸ್ ಠಾಣೆಗೆ ಒಂದೊಂದು ಪ್ರತಿ. ಹೇಳಿಬಿಟ್ಟರೆ ಅವರು ತಯಾರಾಗುತ್ತಾರಲ್ವಾ ಅಂತ ಕೆಲವು ಹುಡುಗರ ತಕರಾರು. ಆಗಲಿ ಬಿಡಿ! ಗಾಂಧಿ ದಂಡಿಗೆ ಹೊರಟಿದ್ದು 1930ರ ಮಾರ್ಚ್ 12ಕ್ಕೆ, ಉಪ್ಪಿನ ಕಾನೂನು ಮುರಿಯುತ್ತೇನೆ ಅಂತ ವೈಸರಾಯ್ ಇರ್ವಿನ್‌ಗೆ ಪತ್ರ ಬರೆದಿದ್ದು ಮಾರ್ಚ್ 2ಕ್ಕೆ. ನಮ್ಮ ಕಡೆಯ ಇನ್ನೊಂದು ಪಾಠ, 1987ರಲ್ಲಿ ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ನಡೆದ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹದ್ದು. ಊರ ಸಾಮೂಹಿಕ ಜಮೀನಿನಲ್ಲಿ ಕಂಪನಿಗಾಗಿ ಹಾಕಿದ್ದ ನೀಲಗಿರಿ ಸಸಿ ಕಿತ್ತ ಜನ ಸುಮ್ನೆ ಮನೆಗೆ ಹೋಗಲಿಲ್ಲ, ತಮಗೆ ಬೇಕಾದ ಗಿಡ ನೆಟ್ಟರು. ನಾವೂ ಅದನ್ನೇ ನೋಡಿ, ಎಲ್ಲರ ಹೆಸರಿನ ರಸೀದಿ ನಾವೇ ಬರೆದುಕೊಂಡು ಹೋದೆವು. ಸಹಿ, ಸೀಲು, ದಿನಾಂಕ ಹಾಕಿದರೆ ಸಾಕು, ಪುಸ್ತಕ ಖಾಲಿಯಾಗಿದೆ ಅನ್ನುವ ನೆವಕ್ಕೂ ಜಾಗ ಇಲ್ಲ.

ರೊಟ್ಟಿ ಕಟ್ಟಿಕೊಂಡು ಬಂದು ಕಟ್ಟೆಯ ಮೇಲೆ ಕೂತೆವು. ಬಾಗಿಲಿಗೆ ಬೀಗ ಹಾಕಲಿಲ್ಲ, ಬೇರೆ ಕೆಲಸಕ್ಕೆ ಬಂದವರಿಗೆ ದಾರಿ ಬಿಟ್ಟೆವು. ಸ್ವಲ್ಪ ಹೊತ್ತಿಗೆ ಸಾಹೇಬರು ಬಂದರು. "ನಿಮ್ಮ ಲೀಡರ್ ಯಾರು? ಒಳಗ ಬರ್ರಿ, ಚಾ ಕುಡಿಯೋಣು." ಈ ಚಹಾದಲ್ಲಿ ಎಷ್ಟು ಹೋರಾಟ ಮುಳುಗಿವೆಯೋ ಲೆಕ್ಕವಿಲ್ಲ. ಎಲೆ ಅಡಿಕೆ ಜಗಿಯುತ್ತಿದ್ದ ಅಜ್ಜಿಯೊಬ್ಬರು ಕೂತಲ್ಲಿಂದಲೇ ಹೇಳಿದರು, "ಲೀಡರ್ ಯಾರೂ ಇಲ್ರೀ ಸಾಹೇಬ್ರ, ಇಲ್ಲೇ ಮಾತಾಡ್ರಿ, ಎಲ್ಲಾರಿಗೂ ಕೇಳ್ಲಿ."

ಅಂಚಿನಲ್ಲಿ ನಿಂತಿದ್ದ ಹುಡುಗನೊಬ್ಬ ಅಧಿಕಾರಿಯ ಹೆಸರು ಹಿಡಿದು ಬೈಯಲು ಶುರು ಮಾಡಿದ. ಹೆಣ್ಣುಮಕ್ಕಳೇ ತಿರುಗಿಬಿದ್ದರು. "ಏ ತಮ್ಮಾ, ಬೈಯಾಕ ಬಂದಿಯೋ, ಕೆಲಸ ಕೇಳಾಕ ಬಂದಿಯೋ?" ಒಂದು ಬೈಗುಳ ಸಿಕ್ಕರೆ ಸಾಕು, ನಾಳೆ ರಸೀದಿಯ ಮಾತೇ ಇರುವುದಿಲ್ಲ, ಸರ್ಕಾರಿ ಕೆಲಸಕ್ಕೆ ಅಡ್ಡಿ ಅಂತ ಕೇಸು ಎದುರಿಗಿರುತ್ತದೆ.

ಸಂಜೆಯ ಹೊತ್ತಿಗೆ ಸೀಲು ಬಿತ್ತು. ಏಳುವ ಮೊದಲು ಒಂದೊಂದನ್ನೂ ಗಟ್ಟಿಯಾಗಿ ಓದಿಸಿದೆವು. ಒಂದರಲ್ಲಿ ಸೀಲಿತ್ತು, ದಿನಾಂಕ ಇರಲಿಲ್ಲ. ಅದನ್ನು ವಾಪಸ್ ಕೊಟ್ಟು ಹಾಕಿಸಿಕೊಂಡ ಮೇಲೇ ಎದ್ದಿದ್ದು. 15 ದಿನದೊಳಗೆ ಎನ್‌ಎಂಆರ್ (ಕೆಲಸಕ್ಕೆ ಬರುವವರ ಹೆಸರಿನ ಹಾಜರಿ ಪಟ್ಟಿ) ಬಂತು, ಕೆರೆ ಹೂಳೆತ್ತುವ ಕೆಲಸ. ಹಿಂದಿನ ತಿಂಗಳುಗಳ ಭತ್ಯೆ ಮಾತ್ರ ಯಾರಿಗೂ ಸಿಗಲಿಲ್ಲ. ಆ ಅರ್ಜಿಗಳಿಗೆ ರಸೀದಿಯೇ ಇರಲಿಲ್ಲವಲ್ಲ.