ಸೀಸದ ಗಟ್ಟಿ ಎರೆಯಲು ಮಳೆ ಬಿಟ್ಟ ಮೇಲೆ ಕೂರಿ

ಮೀನಿನ ಬೀಸುಬಲೆಗೆ ಭಾರದ ಗುಂಡು ಮಾಡುವವರು ಗುಜರಿ ಸೀಸವನ್ನು ಕರಗಿಸಿ ನೇರ ಗುಂಡಿನ ಅಚ್ಚಿಗೇ ಹೊಯ್ದುಬಿಡುತ್ತಾರೆ. ನನಗದು ಒಪ್ಪಿಗೆಯಿಲ್ಲ. ಮೊದಲು ಗುಜರಿಯನ್ನೆಲ್ಲ ಕರಗಿಸಿ, ಕಸ ತೆಗೆದು, ಕಿಲೋ ತೂಕದ ಗಟ್ಟಿ ಮಾಡಿಟ್ಟುಕೊಳ್ಳಿ. ಹೊಗೆ, ಕಿಟ್ಟ, ಗಲೀಜು ಎಲ್ಲ ಒಂದೇ ದಿನಕ್ಕೆ ಮುಗಿಯುತ್ತದೆ.

ಆ ದಿನ ಯಾವುದು ಅನ್ನುವುದೇ ನಮ್ಮ ತೀರ್ಥಹಳ್ಳಿ ಕಡೆ ದೊಡ್ಡ ಪ್ರಶ್ನೆ. ನಾನು ಎಳ್ಳಮಾವಾಸ್ಯೆ ಜಾತ್ರೆ ಕಳೆದ ಮೇಲೆ, ಶಿವರಾತ್ರಿಯೊಳಗೆ ಮಾಡುತ್ತೇನೆ. ಸೀಸ ಕರಗುವುದು 327 ಡಿಗ್ರಿಗೆ. ಅದರಡಿ ಒಂದು ಹನಿ ನೀರು ಸಿಕ್ಕಿಕೊಂಡರೂ ಕ್ಷಣದಲ್ಲಿ ಆವಿಯಾಗಿ ಸಾವಿರಾರು ಪಟ್ಟು ಹಿಗ್ಗುತ್ತದೆ. ಬಾಣಲೆಯಲ್ಲಿದ್ದ ಸೀಸ ಮುಖಕ್ಕೆ ಸಿಡಿಯುತ್ತದೆ. ಆಷಾಢದಲ್ಲಿ ಅಟ್ಟದ ಮೇಲಿಟ್ಟ ಕಬ್ಬಿಣವೂ ಬೆವರುವ ಊರು ನಮ್ಮದು. ಆದ್ದರಿಂದ ಬೇಸಿಗೆಯಲ್ಲೂ ಅಚ್ಚು, ಸೌಟು ಎರಡನ್ನೂ ಕೈ ತಾಗಿಸಲಾಗದಷ್ಟು ಬಿಸಿ ಮಾಡಿಯೇ ಕೆಲಸಕ್ಕಿಳಿಯಿರಿ. ಗುಜರಿಯನ್ನು ಉರಿ ಹಚ್ಚುವ ಮೊದಲೇ ಬಾಣಲೆಗೆ ತುಂಬಿ. ಕರಗಿದ ಸೀಸಕ್ಕೆ ತಣ್ಣನೆಯ ಚೂರು ಎಸೆಯುವುದು ಬೇಡವೇ ಬೇಡ, ಅದರಲ್ಲೂ ಹಳೇ ಪೈಪಿನ ತುಂಡು.

ಶಿವಮೊಗ್ಗದ ಟೈರ್ ಅಂಗಡಿಗಳಲ್ಲಿ ಕಳಚಿ ಹಾಕಿದ ವೀಲ್ ವೇಟ್, ಅಂದರೆ ಚಕ್ರದ ಸಮತೋಲಕ್ಕೆ ಅಂಚಿಗೆ ಹಾಕುವ ತೂಕದ ತುಂಡು, ಕೇಳಿ ನೋಡಿ. ಈಗ ಸತುವು, ಕಬ್ಬಿಣದವೂ ಬೆರೆತಿರುತ್ತವೆ. ಕಟಿಂಗ್ ಪ್ಲೇಯರಿನಲ್ಲಿ ಚಿವುಟಿದರೆ ಸೀಸ ಮೆತ್ತಗೆ ಒಳಸರಿಯುತ್ತದೆ, ಸತುವು ಜಗ್ಗುವುದಿಲ್ಲ. ಕಣ್ತಪ್ಪಿ ಬಿದ್ದರೂ ಉರಿ ಸಣ್ಣದಿದ್ದರೆ ಸತುವು ಕರಗದೆ ತೇಲುತ್ತದೆ, ಅದಕ್ಕೆ 420 ಡಿಗ್ರಿ ಬೇಕು. ತೇಲಿದ್ದನ್ನು ತೆಗೆದುಬಿಡಿ, ಸೇರಿಬಿಟ್ಟರೆ ಎರಕ ಸರಿಬಾರದು. ಬ್ಯಾಟರಿ ಒಡೆಯಬೇಡಿ. ಆಸಿಡ್ ಒಂದೇ ಅಲ್ಲ, ಅದರ ಕಿಟ್ಟಕ್ಕೆ ತೇವ ತಾಗಿದರೆ ವಿಷಾನಿಲ ಏಳಬಹುದು. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ಹೋಗಬೇಕಾದದ್ದು ನೋಂದಾಯಿತ ಮರುಬಳಕೆದಾರರಿಗೆ.

ಅಚ್ಚಿಗೆ ನನ್ನ ಆಯ್ಕೆ 40 ಮಿ.ಮೀ. ಕಬ್ಬಿಣದ ಆಂಗಲ್ (L ಆಕಾರದ ಪಟ್ಟಿ), 5 ಮಿ.ಮೀ. ದಪ್ಪದ್ದು. 15 ಸೆಂ.ಮೀ. ತುಂಡು ಮಾಡಿಸಿ, ಎರಡೂ ತುದಿಗೆ ತಗಡು ವೆಲ್ಡ್ ಹಾಕಿಸಿದರೆ ದೋಣಿಯಂತಾಗುತ್ತದೆ. ಅಂಚಿಗಿಂತ ಸ್ವಲ್ಪ ಕೆಳಗೇ ಹೊಯ್ಯುವುದು ನಿಲ್ಲಿಸಿದರೆ ಹೆಚ್ಚುಕಮ್ಮಿ ಒಂದು ಕಿಲೋ. ತುಕ್ಕು ಹಿಡಿದಿದ್ದರೆ ಇನ್ನೂ ಒಳ್ಳೆಯದು, ಸೀಸ ಅಂಟುವುದಿಲ್ಲ. ತೂತಿಲ್ಲದ ಇಡ್ಲಿ ತಟ್ಟೆಯೂ ನಡೆಯುತ್ತದೆ, ಆದರೆ ಅದು ಮತ್ತೆ ಅಡುಗೆಮನೆಯ ಹೊಸ್ತಿಲು ದಾಟಬಾರದು. ಕಲಾಯಿ ಹಾಕಿದ ಹಿತ್ತಾಳೆ ತಟ್ಟೆಗೆ ಹೊಯ್ದರೆ ಬೆಸುಗೆಯೇ ಬೀಳುತ್ತದೆ. ಕರಗಿಸಲು ದಪ್ಪ ಕಬ್ಬಿಣದ ಬಾಣಲೆ, ಅಲ್ಯೂಮಿನಿಯಂ ಬೇಡ.

ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಹತ್ತಿ ಬಟ್ಟೆ, ಕನ್ನಡಕ, ಚರ್ಮದ ಕೈಗವಸು, ಬೂಟಿನ ಮೇಲೆ ಇಳಿಬಿಟ್ಟ ಪ್ಯಾಂಟು. ಪಂಚೆ, ಹವಾಯಿ ಚಪ್ಪಲಿ ನಡೆಯದು. ಸೀಸ ಕರಗಿದ ಮೇಲೆ ಮೋಂಬತ್ತಿಯ ಚೂರೊಂದನ್ನು ಹಾಕಿ, ಭಗ್ಗನೆ ಉರಿದೀತು, ತಳ ಕೆರೆದು ಕಲಕಿ. ಬೂದು ಪುಡಿ ಮೇಲೆ ಬರುತ್ತದೆ, ಅದೇ ಕಿಟ್ಟ. ತೆಗೆದರೆ ಕೆಳಗೆ ಕನ್ನಡಿಯ ಹೊಳಪು. ಆ ಹೊಳಪಿನ ಮೇಲೆ ನೀಲಿ-ನೇರಳೆ ಆಡತೊಡಗಿದರೆ ಉರಿ ಹೆಚ್ಚಾಯಿತೆಂದೇ ಲೆಕ್ಕ, ತಗ್ಗಿಸಿ. ಒಂದೇ ಧಾರೆಯಲ್ಲಿ ಹೊಯ್ಯಿರಿ. ನಡುವೆ ಸಣ್ಣ ತಗ್ಗು ಬಿದ್ದು, ಹೊಳಪು ಒಮ್ಮೆಲೇ ಮಂಕಾಗುತ್ತದೆ. ಮತ್ತೂ ಸ್ವಲ್ಪ ಹೊತ್ತು ಬಿಟ್ಟು ಒಣ ಹಲಗೆಯ ಮೇಲೆ ಕವುಚಿ. ಬೇಗ ಆರಲೆಂದು ನೀರಿಗೆ ಅದ್ದಬೇಡಿ.

ಕೆಲಸ ಮುಗಿದು ಸೋಪು ಹಾಕಿ ಕೈ-ಮುಖ ತೊಳೆಯುವವರೆಗೆ ಎಲೆಯಡಿಕೆ ಮುಟ್ಟುವಂತಿಲ್ಲ. ಹಾಕದಿದ್ದರೆ ಕೈಕಾಲೇ ಓಡದವರಿಗೆ ಇದು ಕಷ್ಟ, ಗೊತ್ತು. ಆದರೆ ಸೀಸ ಮೈಗೆ ಸೇರುವುದು ಹೆಚ್ಚಾಗಿ ಕೈಯಿಂದ ಬಾಯಿಗೇ. ಮಕ್ಕಳು, ಬಸುರಿಯರು ಆ ಕಡೆ ಸುಳಿಯಬಾರದು. ಬಟ್ಟೆ ಬೇರೆಯಾಗಿ ಒಗೆಯಿರಿ. ಕಿಟ್ಟವನ್ನು ಮುಚ್ಚಳದ ಡಬ್ಬಿಗೆ ತುಂಬಿ, ಸೀಸ ಕೊಳ್ಳುವ ಪರವಾನಗಿ ಇದ್ದವರಿಗೆ ಕೊಡಿ. ಗೊಬ್ಬರದ ಗುಂಡಿಗೋ ತೋಟಕ್ಕೋ ಚೆಲ್ಲಿದರೆ ಮುಗಿಯಿತು. ದನಗಳಿಗೆ ಸೀಸ ನೆಕ್ಕುವ ಚಟವುಂಟು, ನೆಕ್ಕಿ ಸತ್ತವೂ ಇವೆ. ಕೊಟ್ಟಿಗೆ, ಬಾವಿ ಎರಡರಿಂದಲೂ ದೂರ ಕೂರಿ, ಎದ್ದ ಮೇಲೆ ನೆಲದಲ್ಲಿ ಬಿದ್ದ ಹನಿಗಳನ್ನು ಹೆಕ್ಕಿ.

ವೀಲ್ ವೇಟನ್ನು ಬೇರೆಯಾಗಿ ಕರಗಿಸಿ, ಆ ಗಟ್ಟಿಗೆ ಉಳಿಯಲ್ಲೊಂದು ಗೆರೆ ಹೊಡೆದಿಡಿ. ಅದರಲ್ಲಿ ಆಂಟಿಮನಿ ಎಂಬ ಧಾತು ಇರುವುದರಿಂದ ಗಡುಸು. ಬಲೆಯ ಹಗ್ಗಕ್ಕೆ ಒತ್ತಿ ಕೂರಿಸುವ ಗುಂಡಿಗೆ ಗೆರೆಯಿಲ್ಲದ ಮೆದು ಗಟ್ಟಿಯನ್ನೇ ತೆಗೆದುಕೊಳ್ಳಿ.